ನನ್ನ ಬಾಜೂ ನಂಬರ್

ಒಬ್ಬ ಹೆಸರಾಂತ ಗಾಯಕರು ಚಿತ್ರಾನೂ ಬಿಡಿಸ್ತಾರ. ಒಂದೊಂದು ಚಿತ್ರಕ್ಕ ನೂರೇ ಪ್ರಿಂಟ್ ತಗೀತಾರ. ಪ್ರತಿಯೊಂದರ ಕೆಳಗೂ ಪೆನ್ಸಿಲ್‌ಲೆ ಬರದ ನಂಬರ್, ಅವರ ಸಹಿ. ಅವನ್ನ ಕೂಡಿಸೋದು ನನ್ನ ಚಟ. ಇಚಲಕರಂಜಿಯಾಗ ನನ್ನ ಖೋಲಿ ಗ್ವಾಡಿ ತುಂಬ್ಯಾವ. ನೋಡಾವ್ರು ಮಾತ್ರ ಯಾರೂ ಇಲ್ಲ.

ಮಗ್ಗದ ಸಾಮಾನು ಮಾರಾಕಂತ ಗಡಹಿಂಗ್ಲಜಕ್ಕ ಹೋದಾಗ ಒಂದು ಹಾರ್ಡ್‌ವೇರ್ ಅಂಗಡಿ ಹೊಕ್ಕೆ. ಮಾಲಕರ ತಲಿ ಮ್ಯಾಲ ಗ್ವಾಡಿಗೆ ಅದೇ ಗಾಯಕರು ಬಿಡಿಸಿದ ತಂಬೂರಿ ಚಿತ್ರ! ನಂಬರ್ ನಲವತ್ತೊಂದು. ನನ್ನ ಹಂತೇಕ ಇರೋ ಇದೇ ಚಿತ್ರದ ನಂಬರ್ ನಲವತ್ತೆರಡು. ಬಾಜೂ ಮನಿಯವ್ರು ಸಿಕ್ಕಷ್ಟು ಖುಷಿ ಆತು.

“ನಿಮಗೂ ಇವರ ಹಾಡು ಅಂದ್ರ ಜೀವ ಏನ್ರಿ?” ಅಂದೆ.

“ಯಾರ ಹಾಡ್ರಿ?” ಅಂದ್ರು ಮಾಲಕರು. “ಅಳಿಯ ತಂದು ಕೊಟ್ಟಾನ. ಗ್ವಾಡಿ ತ್ಯಾವಕ್ಕ ಕಪ್ಪಾಗಿತ್ತು, ಅದನ್ನ ಮುಚ್ಚೇನಿ. ಬೇಕಂದ್ರ ತಗೊಂಡ ಹೋಗ್ರಿ.”

ಕೈ ಮುಂದಾಗಿತ್ತು. ಅದೂ ನನ್ನ ಖೋಲಿಗೇ ಬಂದ್ರ, ಮತ್ತ ನಾನೊಬ್ಬನ ಆಗ್ತೇನಲ್ಲ?

“ಬ್ಯಾಡ್ರಿ, ಇಲ್ಲೇ ಇರ್ಲಿ,” ಅಂದೆ.

ಈಗ ಆ ಕಡೆ ಹೋದಾಗೊಮ್ಮೆ ಅದನ್ನ ನೋಡಾಕ ಹೋಗ್ತೇನಿ. ನೆಪಕ್ಕ ಒಂದು ಬೀಗ ತಗೋತೇನಿ. ಖೋಲ್ಯಾಗ ಬೀಗ ರಗಡ ಆಗ್ಯಾವ, ಹಾಕಾಕ ಮಾತ್ರ ಮನಸ್ಸಿಲ್ಲ. ಕಳ್ಳನಾದ್ರೂ ಬಂದು ಒಂದೀಟು ಚಿತ್ರ ನೋಡಿ ಹೋಗ್ಲಿ.