ನೂರೈದು ಡಿಗ್ರಿ ಬಾಗಿದ ಮಂಡಿ

ಕೊರೊನಾ ಕಳೆದು ಎರಡು ವರ್ಷವಾಗಿತ್ತು. ಆಗ ನಾನು ವಿಶಾಖಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಚಿತ್ರದುರ್ಗ ಬಿಟ್ಟು ಹೋಗಿ ಆ ಊರಿನಲ್ಲಿ ನೆಲೆಸಿ ಇಪ್ಪತ್ತಾರು ವರ್ಷಗಳಾಗಿದ್ದವು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಇಷ್ಟು ಅನುಭವವಿದ್ದವನು ಹೇಗೆ ಮೋಸಹೋದೆ ಎಂದು ಕೇಳಿದವರಿದ್ದಾರೆ. ಅನುಭವವಿದ್ದುದರಿಂದಲೇ ಮೋಸಹೋದೆ ಎಂದು ನನಗೆ ಈಗ ಅನ್ನಿಸುತ್ತದೆ.

ನಮ್ಮ ಮೂಳೆ ವಿಭಾಗದ ಮುಖ್ಯಸ್ಥರು ಡಾಕ್ಟರ್ ಪ್ರಸಾದ್. ಅಲ್ಲಿನ ರೂಢಿಯಂತೆ ನಾವೆಲ್ಲ ಪ್ರಸಾದ್ ಗಾರು ಎನ್ನುತ್ತಿದ್ದೆವು. ನನ್ನ ಹೆಂಡತಿಯ ಭುಜ ಮುರಿದಾಗ ರಜೆಯ ದಿನ ಬಂದು ಆಪರೇಷನ್ ಮಾಡಿದವರು ಅವರು. ಅವರ ಮಾತನ್ನು ಎರಡನೆಯ ಸಲ ಯೋಚಿಸುವ ಅಭ್ಯಾಸವೇ ನನಗಿರಲಿಲ್ಲ.

ಅವರು ಒಂದು ಅಧ್ಯಯನ ಕೈಗೆತ್ತಿಕೊಂಡರು. ಮಂಡಿಯ ಕೀಲು ಬದಲಾಯಿಸಿಕೊಂಡವರನ್ನು ಹತ್ತು ದಿನ ವಾರ್ಡಿನಲ್ಲಿಟ್ಟು ವ್ಯಾಯಾಮ ಮಾಡಿಸುವುದು ನಮ್ಮ ಪದ್ಧತಿ. ಅದರ ಬದಲು ಮೂರನೆಯ ದಿನವೇ ಮನೆಗೆ ಕಳಿಸಿ, ಮೊಬೈಲಿನಲ್ಲಿ ವ್ಯಾಯಾಮದ ವಿಡಿಯೋ ಕೊಟ್ಟರೆ ಮಂಡಿ ಅಷ್ಟೇ ಚೆನ್ನಾಗಿ ಬಾಗುತ್ತದೆಯೇ? ಪ್ರಶ್ನೆ ಒಳ್ಳೆಯದೇ ಆಗಿತ್ತು. ಅಳತೆ ನನ್ನ ಪಾಲಿನ ಕೆಲಸ. ಗೋನಿಯೋಮೀಟರ್ ಎಂಬ ಎರಡು ಕೈಯ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಮಂಡಿಯ ಪಕ್ಕಕ್ಕಿಟ್ಟು ಎಷ್ಟು ಬಾಗಿತೆಂದು ನೋಡುತ್ತೇವೆ. ಕಾಲು ನೇರವಿದ್ದರೆ ಸೊನ್ನೆ. ಕುರ್ಚಿಯಲ್ಲಿ ನೆಟ್ಟಗೆ ಕೂರಲು ತೊಂಬತ್ತು ಡಿಗ್ರಿ ಬೇಕು.

ಬಸಮ್ಮ ಆ ಅಧ್ಯಯನಕ್ಕೆ ಬಂದದ್ದು ನನ್ನಿಂದ. ಗಂಗಾವತಿ ಕಡೆಯವರು, ಅರವತ್ತೊಂದು ವಯಸ್ಸು. ತೆಲುಗಿನವರನ್ನು ಮದುವೆಯಾಗಿ ವಿಜಯವಾಡದ ಭವಾನಿಪುರಂನಲ್ಲಿದ್ದರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದರು. ಆಪರೇಷನ್ನಿಗೆಂದು ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿದ್ದ ಮಗಳ ಮನೆಗೆ ಬಂದಿದ್ದರು. ತೆಲುಗು ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಒಪ್ಪಿಗೆ ಪತ್ರವಿದ್ದದ್ದು ತೆಲುಗಿನಲ್ಲಿ ಮತ್ತು ಇಂಗ್ಲಿಷಿನಲ್ಲಿ. ನಾನು ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ.

“ಮಿಷನ್ ತುಳ್ಯಾಕ ಬರತೈತೇನ್ರಿ ಸರ?”

“ಮೂರು ತಿಂಗಳಲ್ಲಿ ತುಳೀತೀರಮ್ಮ,” ಎಂದೆ. ಅವರು ಸಹಿ ಮಾಡಿದರು. ಮೂರನೆಯ ದಿನ ಮನೆಗೆ ಹೋಗುವವರ ಗುಂಪು ಅವರ ಪಾಲಿಗೆ ಬಂತು.

ಆರನೆಯ ವಾರ ಅಳೆದಾಗ ಎಪ್ಪತ್ತನಾಲ್ಕು. ನನಗೆ ಕಸಿವಿಸಿಯಾಯಿತು. ಹೀಗೆ ಬಿಗಿದ ಮಂಡಿಗೆ ಮೊದಲ ಮೂರು ತಿಂಗಳೊಳಗೆ ಅರಿವಳಿಕೆ ಕೊಟ್ಟು ಬಾಗಿಸುವ ಉಪಾಯವಿದೆ. ತಡವಾದರೆ ಒಳಗಿನ ಗಾಯದ ಅಂಗಾಂಶ ಗಟ್ಟಿಯಾಗಿ ಅದು ಸುಲಭಕ್ಕೆ ಬಗ್ಗುವುದಿಲ್ಲ. ‘ಎರಡು ವಾರದಲ್ಲಿ ಮತ್ತೆ ಕರೆಸಬೇಕು’ ಎಂದು ಅವರ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ. ಬಸಮ್ಮ ಭವಾನಿಪುರಂಗೆ ಹೊರಟುಹೋದರು.

ಅದೇ ಸಮಯಕ್ಕೆ ಊರಾಚೆಯ ಪರವಾಡದಲ್ಲಿ ಔಷಧ ಕಾರ್ಖಾನೆಗಳ ಕಾರ್ಮಿಕರಿಗಾಗಿ ನಮ್ಮ ಆಸ್ಪತ್ರೆ ಒಂದು ಕ್ಲಿನಿಕ್ ತೆರೆಯಿತು. ವಾರಕ್ಕೆ ನಾಲ್ಕು ದಿನ ನಾನು ಅಲ್ಲಿರಬೇಕಾಯಿತು. ಹೊರಡುವ ಮುನ್ನ ಪ್ರಸಾದ್ ಗಾರು ಕರೆದು, ರೋಗಿಗಳು ಬಂದು ಸುಮ್ಮನೆ ವಾಪಸು ಹೋಗಬಾರದು, ಕಿರಿಯರು ಅಳೆದು ಬರೆದುಕೊಳ್ಳುತ್ತಾರೆ, ನೀವು ಖಾಲಿ ಫಾರಂಗಳಿಗೆ ಸಹಿ ಹಾಕಿಟ್ಟು ಹೋಗಿ ಎಂದರು. ನಮ್ಮ ಆಫೀಸುಗಳಲ್ಲಿ ಇದೇನೂ ಹೊಸದಲ್ಲ. ಒಂದು ಕಟ್ಟು ಫಾರಂಗೆ ಹಾಕಿದೆ. ಚಹಾ ಆರುವುದರೊಳಗೆ ಮುಗಿಯಿತು.

ಕೆಲವು ತಿಂಗಳ ನಂತರ ಫಲಿತಾಂಶದ ಪಟ್ಟಿ ನನ್ನ ಕೈಗೆ ಬಂತು. ಬಸಮ್ಮನ ಹೆಸರಿನ ಬದಲು ಸಂಖ್ಯೆಯಿತ್ತು, ಆದರೆ ಆ ಸಂಖ್ಯೆ ನನಗೆ ಬಾಯಿಪಾಠ. ಮೂರು ತಿಂಗಳಿಗೆ ನೂರೈದು ಡಿಗ್ರಿ. ಯಾರೋ ಕಿರಿಯರು ಕರೆಸಿ, ಚಿಕಿತ್ಸೆ ಕೊಡಿಸಿ, ಅಳೆದಿದ್ದಾರೆಂದುಕೊಂಡೆ. ಆ ಸಂಜೆ ಮನೆಯಲ್ಲಿ ಹೆಂಡತಿಗೂ ಹೇಳಿಕೊಂಡು ಹಿಗ್ಗಿದೆ.

ಅಧ್ಯಯನವನ್ನು ಮಂಡಿಸಲು ವಿಜಯವಾಡದ ವೈದ್ಯರ ಸಮ್ಮೇಳನಕ್ಕೆ ಪ್ರಸಾದ್ ಗಾರು ನನ್ನನ್ನೂ ಕರೆದೊಯ್ದರು. ನಮ್ಮ ಸರದಿ ಮಧ್ಯಾಹ್ನ ಇತ್ತು. ಬೆಳಿಗ್ಗೆ ಬಿಡುವಿತ್ತು, ಭವಾನಿಪುರಂ ದೂರವೇನಲ್ಲ. ಮಿಷನ್ ತುಳಿಯುವ ಬಸಮ್ಮನನ್ನು ನೋಡಿ ಬರೋಣವೆಂದು ಒಂದು ಡಜನ್ ಬಾಳೆಹಣ್ಣು ಹಿಡಿದು ಹೋದೆ.

ಬಾಗಿಲು ತೆಗೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಮಂಚದ ಅಂಚಿನಲ್ಲಿ ಕೂತು ಬಲಗಾಲನ್ನು ಮುಂದಕ್ಕೆ ಚಾಚಿಕೊಂಡರು. ಹೊಲಿಗೆ ಮಿಷನ್ನಿನ ಮೇಲೆ ಹಳೆಯ ಸೀರೆ ಹೊದಿಸಿತ್ತು. ಅದರ ಮೇಲೆ ಮಾತ್ರೆಗಳ ಡಬ್ಬಿ.

“ಬಾಗವಲ್ದು ಸರ,” ಎಂದರು. “ಆಸ್ಪತ್ರಿಯವ್ರು ಫೋನ್ ಮಾಡಿದ್ರು. ಬಾಗವಲ್ದು ಅಂದೆ. ನಿಮ್ಮ ಕನ್ನಡ ಸಾರೇ ನೋಡ್ಯಾರ, ಎಲ್ಲಾ ಸರಿ ಐತಿ ಅಂದಾರ, ವ್ಯಾಯಾಮ ಮಾಡ್ಕೋಂತ ಇರ್ರಿ ಅಂದ್ರು. ನೀವ ಅಂದೀರಿ ಅಂದ ಮ್ಯಾಲೆ ಬ್ಯಾರೆ ಡಾಕ್ಟರ್ ಕಡೆ ಯಾಕ ಹೋಗ್ಲಿ?”

ಚೀಲದಿಂದ ಗೋನಿಯೋಮೀಟರ್ ತೆಗೆದು ಅಳೆದೆ. ಎಪ್ಪತ್ತೆರಡು. ಆಪರೇಷನ್ ಆಗಿ ಎಂಟು ತಿಂಗಳು ಮುಗಿದಿತ್ತು. ಅವರಿಗೆ ಏನು ಹೇಳಿದೆನೋ ನೆನಪಿಲ್ಲ. ಮತ್ತೆ ಬರುತ್ತೇನೆಂದು ಹೇಳಿ ಆಟೋ ಹತ್ತಿದೆ.

ಪ್ರಸಾದ್ ಗಾರು ಸಭಾಂಗಣದ ಹೊರಗೆ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಬಸಮ್ಮನನ್ನು ಅಳೆದವರು ಯಾರು ಎಂದು ಕೇಳಿದೆ. ದೂರದವರು ಬರಲಿಲ್ಲ, ಜಾಗ ಖಾಲಿ ಬಿಟ್ಟರೆ ಅಧ್ಯಯನ ಬಿದ್ದುಹೋಗುತ್ತದೆ, ಸರಾಸರಿ ನೋಡಿ ತುಂಬಿದ್ದೇವೆ ಎಂದರು, ಏನೂ ಆಗದವರಂತೆ. ಹಾಗಾದರೆ ಈ ಪ್ರಬಂಧ ಓದಬೇಡಿ ಎಂದೆ. ಅವರು ಪರದೆಯ ಮೇಲೆ ಆ ಫಾರಂ ತೆರೆದು ನನ್ನತ್ತ ತಿರುಗಿಸಿದರು.

“ಸಂತಕಂ ಮೀದೇ ಕದಂಡೀ?”

ಸಹಿ ನಿಮ್ಮದೇ ತಾನೆ ಎಂದು ಅಷ್ಟು ಮರ್ಯಾದೆಯಿಂದ ಕೇಳಿದರು. ನೂರೈದರ ಕೆಳಗೆ ನನ್ನ ಸಹಿ ಸ್ಪಷ್ಟವಾಗಿತ್ತು. ಹೆಂಡತಿಯ ಭುಜಕ್ಕೆ ಮೊಳೆ ಕೂರಿಸಿದ ಕೈ ಇದೇ ಎಂದು ನೆನಪಾಯಿತು. ಕೋಪ ಬರಲಿಲ್ಲ, ಅಳು ಬಂತು. ಅವರು ಒಳಗೆ ಹೋಗಿ ಪ್ರಬಂಧ ಓದಿದರು, ಚಪ್ಪಾಳೆಯೂ ಬಿತ್ತು. ನಾನು ಹೊರಗಿನ ಕುರ್ಚಿಯಲ್ಲಿ ಕೂತು ಅದನ್ನು ಕೇಳಿದೆ.

ವಿಶಾಖಪಟ್ಟಣಕ್ಕೆ ಮರಳಿದವನು, ಸಂಶೋಧನೆಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ನೈತಿಕ ಸಮಿತಿಗೆ ಪತ್ರ ಕೊಟ್ಟೆ. ಖಾಲಿ ಫಾರಂಗೆ ಸಹಿ ಹಾಕಿದ ನನ್ನ ತಪ್ಪನ್ನು ಮೊದಲು ಬರೆದೆ, ಅವರದನ್ನು ಆಮೇಲೆ. ಸಮಿತಿಯವರು ಫಾರಂಗಳನ್ನು ತೆಗೆಸಿ ನೋಡಿದಾಗ ಹನ್ನೊಂದು ಮಂದಿಯ ಅಳತೆ ಹಾಗೆಯೇ ತುಂಬಿದ್ದು ಹೊರಬಿತ್ತು. ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡರು. ಪ್ರಸಾದ್ ಗಾರು ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡು ಬೇರೆ ಆಸ್ಪತ್ರೆಗೆ ಹೋದರು. ನನಗೆ ಸಿಕ್ಕಿದ್ದು ಲಿಖಿತ ಎಚ್ಚರಿಕೆ. ಅದು ಅನ್ಯಾಯವೆಂದು ನಾನು ಯಾರಲ್ಲೂ ಹೇಳಿಲ್ಲ.

ಹನ್ನೊಂದು ಮಂದಿಯನ್ನೂ ಮನೆಮನೆಗೆ ಹೋಗಿ ಅಳೆದೆ. ಭವಾನಿಪುರಂಗೆ ಕೊನೆಗೆ ಹೋದೆ, ಧೈರ್ಯ ಸಾಲದೆ. ಇನ್ನೊಂದು ಆಪರೇಷನ್ ಮಾಡಿದರೆ ಸ್ವಲ್ಪ ಬಾಗಬಹುದು, ಖಾತ್ರಿಯಿಲ್ಲ ಎಂದು ಬಸಮ್ಮನಿಗೆ ಹೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. ನಂತರ ಖಾಲಿ ಫಾರಂಗಳ ವಿಷಯ ಮುಚ್ಚುಮರೆಯಿಲ್ಲದೆ ಹೇಳಿದೆ. ನನಗೂ ಮೋಸವಾಯಿತಮ್ಮ ಎಂಬ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ಮಾತಾಡಿದರು.

“ಅಲ್ರಿ ಸರ, ನಾ ಬ್ಲೌಸ್ ಹೊಲಿಯಾಕಿ. ಅಳತಿ ತಗೊಳ್ದ ಯಾರ ಬಟ್ಟಿಗೂ ಕತ್ರಿ ಹಾಕಿಲ್ಲ. ನೀವು ಅಳತಿ ಇಲ್ದ ಹೆಂಗ ಸಹಿ ಹಾಕಿದ್ರಿ?”

ಇಪ್ಪತ್ತಾರು ವರ್ಷದ ವೃತ್ತಿ ನನಗೆ ಕಲಿಸದೇ ಬಿಟ್ಟದ್ದು ಆ ಒಂದು ಪ್ರಶ್ನೆಯಲ್ಲಿತ್ತು. ಅವರು ಕಾಲು ಚಾಚಿ, ಅಳೀರಿ ಎಂದರು. ಅಳೆದೆ, ಮತ್ತೆ ಎಪ್ಪತ್ತೆರಡೇ. ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ಬರೆಸಿಕೊಂಡು, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಆಮೇಲೆ ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟು, ಈಗ ಸಹಿ ಹಾಕ್ರಿ ಎಂದರು.