ಐದನೆಯ ಬಟ್ಟಲು

ಕಾಫಿ ಬೀಜ ಹಸನು ಮಾಡಿ ಹಡಗಿಗೆ ಕಳಿಸುವ ಆ ಕಾರ್ಖಾನೆಯಲ್ಲಿ ಆಕೆಗೆ ಬೆನ್ನ ಹಿಂದಿನ ಹೆಸರು 'ನಾಲಿಗೆಯಮ್ಮ'. ಬಜಾರಿ ಇರಬೇಕು ಅಂದುಕೊಳ್ಳಬೇಡಿ. ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಎಂಬಂಥ ಹೆಂಗಸು. ಇಪ್ಪತ್ತೆಂಟು ವರ್ಷದಿಂದ ಕಾಫಿಯ ರುಚಿ ನೋಡಿ ಪಾಸು, ಫೇಲು ಹೇಳುವುದು ಆಕೆಯ ಕೆಲಸ. ಒಂದೊಂದು ಮಾದರಿಗೆ ಐದೈದು ಬಟ್ಟಲು. ಚಮಚದಲ್ಲಿ ಸುರ್ರೆಂದು ಎಳೆದುಕೊಂಡು, ಬಾಯೆಲ್ಲ ಆಡಿಸಿ ಉಗಿಯಬೇಕು. ಐದರಲ್ಲಿ ಒಂದು ಕೆಟ್ಟರೂ ಇಡೀ ಮಾಲು ಫೇಲು.

ಆ ನಾಲಿಗೆಯನ್ನು ಆಕೆ ಹೆತ್ತ ಮಗುವಿನ ಹಾಗೆ ಸಾಕಿದಳು. ಈರುಳ್ಳಿ ಬಿಟ್ಟಳು, ಬೆಳ್ಳುಳ್ಳಿ ಬಿಟ್ಟಳು, ಪರಿಮಳದ ಸೋಪು ಬಿಟ್ಟಳು. ಸೆಂಟು ಹಾಕಿಕೊಂಡು ಬಂದ ತಂಗಿಯನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು. ತಂಗಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮದುವೆಗೆ ಕರೆದರೆ ಊಟಕ್ಕೆ ಮುಂಚೆಯೇ ಎದ್ದು ಬರುತ್ತಿದ್ದಳು, ಕ್ರಮೇಣ ಕರೆಯುವುದೂ ನಿಂತಿತು. ನನ್ನನ್ನು ಕೇಳಿದರೆ ಇಷ್ಟೆಲ್ಲ ಬೇಕಿರಲಿಲ್ಲ. ಇದೇ ಕೆಲಸ ಮಾಡುವ ಬೇರೆಯವರು ಚೆನ್ನಾಗಿ ಉಂಡುಟ್ಟು ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದಾರೆ. ಆದರೆ ಆಕೆಯದು ಹಟ ಅಂದರೆ ಹಟ.

ಆ ಸೋಮವಾರ ಬಂದದ್ದು ಬೆಟ್ಟದ ನಲವತ್ತು ಸಣ್ಣ ಬೆಳೆಗಾರರ ಸಂಘದ ಮಾಲು. ನೆರಳಿನ ಮರ ಕಡಿಯದೆ, ವಿಷ ಹೊಡೆಯದೆ, ಹಣ್ಣು ತೊಳೆದ ನೀರನ್ನು ಹೊಳೆಗೆ ಬಿಡದೆ ಬೆಳೆದದ್ದು. ಅದನ್ನು ಮೆಚ್ಚಿ ಹೊರದೇಶದ ಗಿರಾಕಿಯೊಬ್ಬ ಮೊದಲ ಸಲ ಕೊಳ್ಳಲು ಒಪ್ಪಿದ್ದ. ಆಕೆ ಐದೂ ಬಟ್ಟಲು ನೋಡಿ 'ಶುದ್ಧ' ಎಂದು ಬರೆದು ಸಹಿ ಹಾಕಿದಳು. ಬಟ್ಟಲು ತೊಳೆಯುವ ಹೆಂಗಸು ಐದನೆಯದನ್ನು ಚೆಲ್ಲಲು ಹೋಗಿ ಮುಖ ಕಿವುಚಿದಳು.

"ಅಕ್ಕಾ, ಇದೇನು ಬೂಸ್ಟು ಹಿಡಿದ ಗೋಣಿ ವಾಸನೆ?"

ಆಕೆ ಇಸಿದುಕೊಂಡು ಮೂಸಿದಳು. ಮೂಗಿಗೆ ಹಬೆ ಬಡಿಯಿತು, ವಾಸನೆ ಇಲ್ಲ. ಗುಟುಕರಿಸಿದಳು. ಬಿಸಿನೀರು ಕುಡಿದ ಹಾಗಾಯಿತು. ಇಷ್ಟು ದಿನ ನಾಲಿಗೆಗೆ ಹತ್ತಿದ್ದು ರುಚಿಯಲ್ಲ, ರುಚಿಯ ನೆನಪು ಎಂದು ಆಗ ಹೊಳೆಯಿತು.

ಮೂರು ದಿನ ಆಕೆ ಒಳಗೊಳಗೇ ಬೆಂದಳು. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದು? ಹೇಳದಿದ್ದರೆ ಮಾಲು ಹಡಗು ಹತ್ತುತ್ತದೆ, ಗಿರಾಕಿ ಕೈ ಬಿಡುತ್ತಾನೆ, ನಲವತ್ತು ಮನೆಯವರ ಶ್ರಮ ಮಣ್ಣುಪಾಲು. ಈಗಲೇ ಬಾಯಿಬಿಟ್ಟರೆ ಕೆಟ್ಟ ಮೂಟೆ ಹುಡುಕಿ ತೆಗೆದು ಉಳಿದದ್ದನ್ನು ಕಳಿಸಬಹುದು. ತುಂಬಾ ಭಯವಾಯಿತು. ಭಯವನ್ನು ಹೇಳಿಕೊಳ್ಳೋಣವೆಂದರೆ ಹತ್ತಿರ ಯಾರೂ ಇರಲಿಲ್ಲ.

ಗುರುವಾರ ಬೆಳಗ್ಗೆ ಗಟ್ಟಿ ಮನಸ್ಸು ಮಾಡಿ ಮ್ಯಾನೇಜರ ಮುಂದೆ ನಿಂತಳು. "ಸಂಘದ ಮಾಲು ನಿಲ್ಸಿ ಸರ್. ನಾನು ತಪ್ಪು ಬರ್ದಿದ್ದೀನಿ. ನನಗೆ ಈಗ ರುಚಿ ಗೊತ್ತಾಗ್ತಿಲ್ಲ."

ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. "ಅದನ್ನ ಸೋಮವಾರವೇ ನಿಲ್ಸಿದ್ದೀವಿ ಅಮ್ಮಾ. ಕೆಟ್ಟ ಮೂಟೆನೂ ಸಿಕ್ತು. ನಾಲ್ಕು ತಿಂಗಳಿಂದ ನೀವು ನೋಡಿದ್ದನ್ನೆಲ್ಲ ಹೊರಗಡೆ ಇನ್ನೊಂದ್ಸಲ ನೋಡಿಸ್ತಿದ್ದೀವಿ. ನೀವು ನೊಂದ್ಕೋತೀರಿ ಅಂತ ಹೇಳಲಿಲ್ಲ."

"ಯಾರ್ಯಾರಿಗೆ ಗೊತ್ತು?"

"ಎಲ್ಲರಿಗೂ."

ಮಾಲು ಉಳಿಯಿತಲ್ಲ ಎಂದು ಆಕೆಗೆ ಸಮಾಧಾನವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಗಾಜಿನಾಚೆ ಕೋಣೆಯಲ್ಲಿ ಇವತ್ತಿನ ಮಾದರಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು, ನೀರು ಕಾಯುತ್ತಿತ್ತು.

"ಇವತ್ತಿನದು ನೋಡ್ಲಾ, ಸರ್?"

"ನೋಡಿ," ಅಂದರು ಮ್ಯಾನೇಜರು, ಬಹಳ ಮೆತ್ತಗೆ. "ನಿಮ್ಮಿಷ್ಟ."

ಇಪ್ಪತ್ತೆಂಟು ವರ್ಷದಲ್ಲಿ ಆ ಕೆಲಸವನ್ನು ಯಾರೂ ಆಕೆಯ ಇಷ್ಟಕ್ಕೆ ಬಿಟ್ಟಿರಲಿಲ್ಲ.