ಗುರು ಶನಿ ಕೂಡಿದ ದಿನ ಹುಟ್ಟಿದವಳು

ನನ್ನ ಮೊಮ್ಮಗಳು ಹುಟ್ಟಿದ್ದು 2020ರ ಡಿಸೆಂಬರ್ ಇಪ್ಪತ್ತೊಂದರಂದು. ವರ್ಷದಲ್ಲೇ ಅತಿ ಚಿಕ್ಕ ಹಗಲು ಅದು. ಅದೇ ಸಂಜೆ ಗುರು ಮತ್ತು ಶನಿ ಆಕಾಶದಲ್ಲಿ ಒಂದನ್ನೊಂದು ತಾಗುವಷ್ಟು ಹತ್ತಿರ ಬಂದವು. ಇಷ್ಟು ಹತ್ತಿರ ಬರುವುದು ಶತಮಾನಗಳಿಗೊಮ್ಮೆ ಎಂದು ಪತ್ರಿಕೆಗಳು ಬರೆದಿದ್ದವು. ಅಂಥ ದಿನ ಹುಡುಕಿದರೂ ಸಿಗುವುದಿಲ್ಲ, ನಮಗೆ ಹುಡುಕದೆ ಸಿಕ್ಕಿತು. ಅದಕ್ಕೆ ನನಗೆ ಇವತ್ತಿಗೂ ಜಂಬ. ಜಂಬ ಪಡಬಾರದು ಎನ್ನುವವರು ತಮ್ಮ ಮೊಮ್ಮಕ್ಕಳ ವಿಷಯದಲ್ಲಿ ಸುಮ್ಮನಿದ್ದು ತೋರಿಸಲಿ.

ನಾವು ಸೊರಬದ ಹತ್ತಿರದ ಹಳ್ಳಿಯವರು, ಗದ್ದೆ ಮಾಡಿಕೊಂಡಿರುವವರು. ಮಗಳನ್ನು ಶಿಕಾರಿಪುರಕ್ಕೆ ಕೊಟ್ಟಿದ್ದೇವೆ. ಬೀಗರದು ಅಲ್ಲಿ ಪೇಟೆಯಲ್ಲಿ ದಿನಸಿ ಅಂಗಡಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಸೀಮಂತ ಮುಗಿಸಿ ಮಗಳನ್ನು ಕರೆತಂದಿದ್ದೆವು. ಆ ಡಿಸೆಂಬರಿನಲ್ಲಿ ಟಿವಿ ಹಾಕಿದರೆ ಸಾಕು, ಕೊರೋನಾ ಒಂದು, ಗುರು ಶನಿ ಸಂಯೋಗ ಇನ್ನೊಂದು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಬೀಗರಿಗೆ ತಿಳಿಯದಾಗಿತ್ತು. ದಿನಾ ಸಂಜೆ ಅಂಗಡಿಯಿಂದಲೇ ಫೋನ್ ಮಾಡುತ್ತಿದ್ದರು.

"ಅಕ್ಕಾರೇ, ಇಪ್ಪತ್ತೊಂದನೇ ತಾರೀಕು ಒಂದು ದಾಟಿಸಿಬಿಡ್ರೀ. ಆಮೇಲೆ ಯಾವಾಗ ಆದ್ರೂ ಅಡ್ಡಿಯಿಲ್ಲ."

"ಅದೇನು ಬಸ್ಸಾ ಬೀಗ್ರೇ, ಇದು ಬೇಡ ಮುಂದಿಂದಕ್ಕೆ ಹೋಗೋಣ ಅನ್ನಾಕೆ?" ಎಂದೆ ಒಮ್ಮೆ. ಅವರು ನಗಲಿಲ್ಲ. ಒಳ್ಳೆಯ ಮನುಷ್ಯರು, ಆದರೆ ಗ್ರಹಗಳ ವಿಷಯದಲ್ಲಿ ನಗುವುದಿಲ್ಲ.

ಇಪ್ಪತ್ತೊಂದರ ಬೆಳಗ್ಗೆಯೇ ನೋವು ಕಾಣಿಸಿತು. ನಮ್ಮವರನ್ನು ಕಣದ ಭತ್ತ ಕಾಯಲು ಬಿಟ್ಟು, ಪಕ್ಕದ ಮನೆಯವರ ಗಾಡಿಯಲ್ಲಿ ಮಗಳನ್ನು ಸೊರಬದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಧ್ಯಾಹ್ನದ ಊಟದ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಗಂಟಲಂತೂ ಜೋರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೆ ಅಳು ಕೇಳಿಸಿದಾಗ, ನರ್ಸ್ ಬಂದು ಹೇಳುವ ಮೊದಲೇ ಇದು ನಮ್ಮದೇ ಎಂದು ಗೊತ್ತಾಯಿತು.

ಅಳಿಯನಿಗೆ ಫೋನ್ ಮಾಡಿದೆ. "ಬಂದೆ ಅತ್ತೆ, ಬಂದೆ" ಎಂದು ಬೈಕ್ ಹತ್ತಿದನಂತೆ. ಶಿರಾಳಕೊಪ್ಪ ಮುಟ್ಟುವುದರೊಳಗೆ ಅವನಪ್ಪನ ಫೋನು ಅವನನ್ನು ನಿಲ್ಲಿಸಿತು. ಅಲ್ಲೇ ಇರು, ಕಾರು ಮಾಡಿಕೊಂಡು ನಾನೂ ಬರುತ್ತೇನೆ, ನಾನು ಬರುವವರೆಗೆ ಮಗುವಿನ ಮುಖ ನೋಡಬೇಡ ಎಂದರಂತೆ. ಆಮೇಲೆ ನನಗೂ ಫೋನ್ ಬಂತು.

"ಹೆಣ್ಣುಕೂಸು ಅಂತ ಬೇಜಾರಿಲ್ರೀ ಅಕ್ಕಾರೇ, ನಮ್ಮನ್ಯಾಗೆ ಲಕ್ಷ್ಮಿ ಬಂದಂಗೆ ಆತು. ಆದ್ರೆ ದಿನ ಸರಿ ಇಲ್ಲ. ಮಕರದಾಗೆ ಗುರು ನೀಚ, ಶನಿ ಸ್ವಂತ ಮನ್ಯಾಗೆ ಕುಂತಾನೆ. ಅಪ್ಪನ ಕಣ್ಣಿಗೆ ಕೂಸು ನೇರ ಬೀಳಬಾರ್ದು. ಬಟ್ಟಲಾಗೆ ಎಳ್ಳೆಣ್ಣೆ ಹಾಕಿ, ಮೊದ್ಲು ಅದ್ರಾಗೆ ಮುಖ ನೋಡ್ಲಿ. ಸಂಕ್ರಾಂತಿ ಆದ್ಮೇಲೆ ಶಾಂತಿ ಮಾಡ್ಸಿ ಎತ್ಕೊಳ್ಲಿ."

"ಹಂಗಂತ ಟಿವಿಲಿ ಹೇಳಿದ್ರಾ?"

"ಟಿವಿಯಾಗೆ ದೋಷ ಅಂದ್ರು. ದೋಷ ಅಂದ್ಮೇಲೆ ಎಣ್ಣೆ ಇರ್ಲೇಬೇಕಲ್ರೀ."

ನನ್ನ ಮೈಯೆಲ್ಲ ಉರಿದುಹೋಯಿತು. ಎಣ್ಣೆಯಲ್ಲಿ ಮುಖ ನೋಡುವುದು ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಮಕ್ಕಳಿಗೆ ನಮ್ಮ ಕಡೆ ಮಾಡುತ್ತಿದ್ದ ಪದ್ಧತಿ. ಅದನ್ನು ತಂದು ಗುರು ಶನಿಗೆ ಅಂಟಿಸಿದ್ದರು. ಯಾವ ಪಂಚಾಂಗದಲ್ಲಿದೆ ಎಂದು ಯಾರನ್ನೂ ಕೇಳಿರಲಿಲ್ಲ. ಹೆದರಿಕೆ ಹೊಸದಾದರೂ ಮದ್ದು ಮಾತ್ರ ಮನೆಯ ಹಳೆಯದೇ.

ನಾನು ಉರಿದುಬಿದ್ದದ್ದಕ್ಕೆ ಕಾರಣವಿದೆ. ನಾನೇ ಮೂಲಾ ನಕ್ಷತ್ರದವಳು. ನನ್ನಪ್ಪ ನನ್ನನ್ನು ಮೊದಲು ಕಂಡದ್ದು ಎಣ್ಣೆಯಲ್ಲಿ, ಅದೂ ಶಾಂತಿಯಾದ ಮೇಲೆ. ಆ ಪದ್ಧತಿ ಒಂದು ಗಳಿಗೆಯಲ್ಲಿ ಮುಗಿಯುತ್ತದೆ, ಹೆಸರು ಮುಗಿಯುವುದಿಲ್ಲ. ಶಾಲೆಯಲ್ಲಿ, ನೆಂಟರ ಮನೆಯಲ್ಲಿ, ಗದ್ದೆ ನಾಟಿಯ ಸಾಲಿನಲ್ಲಿ ನಾನು ಮೂಲಾ ನಕ್ಷತ್ರದ ಹುಡುಗಿ. ಮಾವನಿಗೆ ಆಗುವುದಿಲ್ಲವೆಂದು ಬಂದ ಸಂಬಂಧಗಳು ಕಾಫಿ ಕುಡಿದು ಎದ್ದು ಹೋದವು. ಕೊನೆಗೆ ಒಬ್ಬರು ಪುಣ್ಯಾತ್ಮರು ತಮ್ಮ ಮಗನಿಗೆ ತಂದುಕೊಂಡರು. "ನಾನು ಸತ್ರೆ ಹುಡುಗಿ ತಲೆ ಮೇಲೆ ಹಾಕ್ಬೇಡಿ, ಬೀಡಿ ಮೇಲೆ ಹಾಕಿ" ಎಂದು ನೆಂಟರೆದುರೇ ಹೇಳಿದರಂತೆ. ಆ ನನ್ನ ಮಾವ ತೊಂಬತ್ತು ದಾಟಿದರು, ಬೀಡಿ ಬಿಡಲಿಲ್ಲ, ಕಡೆಯವರೆಗೂ ನನ್ನ ಕೈಯ ರೊಟ್ಟಿಯನ್ನೇ ಕೇಳಿ ತಿಂದರು. ನಾನು ಗೆದ್ದೆ ನಿಜ. ಆದರೆ ಹುಟ್ಟಿದ ದಿನದಿಂದ ಗೆಲ್ಲುತ್ತಲೇ ಇರಬೇಕಾದ ಬಾಳು ನನ್ನ ಮೊಮ್ಮಗಳಿಗೆ ಬೇಡವಾಗಿತ್ತು.

ಮಗಳಿಗೆ ಹೇಳುವುದೋ ಬೇಡವೋ ಎಂದು ಒದ್ದಾಡಿ, ಹೇಳಿಯೇಬಿಟ್ಟೆ. ಹೆತ್ತು ಸುಸ್ತಾಗಿ ಮಲಗಿದ್ದಳು, ತುಟಿ ಒಣಗಿತ್ತು. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಮಗುವಿನ ಟೋಪಿ ಸರಿಮಾಡಿ, ನಿಧಾನವಾಗಿ ಹೇಳಿದಳು.

"ಅವ್ರಿಗೆ ಹೇಳಮ್ಮ, ಮಗೀನ ಎಣ್ಣೇಲಿ ನೋಡದಾದ್ರೆ ಇನ್ಮೇಲೆ ನನ್ ಮುಖಾನೂ ಎಣ್ಣೇಲೇ ನೋಡ್ಬೇಕು. ಹೆತ್ತೋಳು ನಾನು, ದೋಷ ಇದ್ರೆ ಇಬ್ರಿಗೂ ಇದೆ."

ನನ್ನ ಮದುವೆಯ ದಿನವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಬಾಯಿಗೆ ಬಾರದ ಮಾತು ಅವಳಿಗೆ ಹಾಸಿಗೆಯಲ್ಲಿ ಮಲಗಿಕೊಂಡೇ ಬಂದಿತ್ತು.

ಅವರು ಬರುವವರೆಗೆ ವರಾಂಡದಲ್ಲಿ ಕೂತು ನಾನೂ ಗುರು ಶನಿಯ ಬಗ್ಗೆ ಯೋಚನೆ ಮಾಡಿದೆ. ನಾನೇನು ನಾಸ್ತಿಕಳಲ್ಲ. ಶನಿವಾರ ಎಳ್ಳುದೀಪ ಹಚ್ಚುವವಳು. ಗುರು ಕೊಡುವವನು ಎನ್ನುತ್ತಾರೆ, ಶನಿ ಕಾಯಿಸುವವನು. ಒಬ್ಬನನ್ನು ಕರೆಯುತ್ತೇವೆ, ಇನ್ನೊಬ್ಬನನ್ನು ದೂರವಿಡುತ್ತೇವೆ. ಆದರೆ ಕಾಯದೆ ಯಾವುದು ಕೈಗೆ ಬರುತ್ತದೆ? ಒಂಬತ್ತು ತಿಂಗಳು ಕಾಯಿಸಿ, ಬೆಳಗ್ಗೆಯಿಂದ ಅರಚಿಸಿ, ಆಮೇಲೆ ಕೊಡುವ ಜಾಗ ಹೆರಿಗೆ ಕೋಣೆ. ಅವರಿಬ್ಬರೂ ನಿಜವಾಗಿ ಒಂದೆಡೆ ಸೇರುವುದಿದ್ದರೆ ಅಲ್ಲೇ ಸೇರಬೇಕು. ಅದೂ ಸೂರ್ಯ ಉತ್ತರಕ್ಕೆ ತಿರುಗುವ ದಿನ. ಪಂಚಾಂಗದ ಉತ್ತರಾಯಣ ಸಂಕ್ರಾಂತಿಗೆ. ಆದರೆ ಪ್ರತಿ ಡಿಸೆಂಬರಿನಲ್ಲಿ ಕಣದಲ್ಲಿ ಭತ್ತ ಹರಡುವಾಗ ನಾನು ನೋಡಿದ್ದೇನೆ, ಹುಟ್ಟುವ ಸೂರ್ಯ ಗುಡ್ಡದ ದಕ್ಷಿಣದ ಮೂಲೆಯವರೆಗೆ ಸರಿದು, ಅಲ್ಲಿ ಒಂದಷ್ಟು ದಿನ ನಿಂತು, ಸಂಕ್ರಾಂತಿಗೆ ಮೊದಲೇ ವಾಪಸು ಹೊರಡುತ್ತಾನೆ. ಹಗಲು ಬೆಳೆಯಲು ಶುರುವಾದ ದಿನ ಹುಟ್ಟಿದ ಹುಡುಗಿಗೆ ದೋಷವೆಂದರೆ ಒಪ್ಪುವ ಮನಸ್ಸು ನನಗೆ ಬರಲಿಲ್ಲ.

ಹೊತ್ತು ಮುಳುಗಿದ ಮೇಲೆ ಅವರ ಕಾರು ಬಂತು. ಆಗ ಆಸ್ಪತ್ರೆಯ ಅಂಗಳದಲ್ಲಿ ಸಣ್ಣ ಗುಂಪೇ ಇತ್ತು. ರೋಗಿಗಳ ಕಡೆಯವರು, ಎದುರಿನ ಟೀ ಅಂಗಡಿಯವನು, ಎಲ್ಲರೂ ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡು ಪಡುವಣಕ್ಕೆ ಕತ್ತೆತ್ತಿ ನಿಂತಿದ್ದರು. ಮರಗಳ ಮೇಲೆ, ತೀರ ಕೆಳಗೆ, ಒಂದು ದೊಡ್ಡ ಚುಕ್ಕಿ, ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಚಿಕ್ಕದು. ಕಾರಿನಿಂದಿಳಿದ ಬೀಗರೂ ಏನೆಂದು ತಲೆಯೆತ್ತಿದರು. ಯಾರೋ ಬೆರಳು ಮಾಡಿ ತೋರಿಸಿದರು. ಬೀಗರು ಚಪ್ಪಲಿ ಬಿಟ್ಟು ಎರಡೂ ಕೈ ಜೋಡಿಸಿದರು, ಕಣ್ಣು ಮಿಟುಕಿಸದೆ ನೋಡಿದರು. ಅವರ ಹಿಂದೆ ಅಳಿಯ ನಿಂತಿದ್ದ. ಕೈಯಲ್ಲಿ ಹಿತ್ತಾಳೆಯ ಬಟ್ಟಲು, ಅದರ ತುಂಬ ಎಳ್ಳೆಣ್ಣೆ. ಚೆಲ್ಲಬಾರದೆಂದು ಉಸಿರು ಬಿಗಿಹಿಡಿದಿದ್ದ.

ಒಳಗೆ ಒಬ್ಬರಿಗಷ್ಟೇ ಪ್ರವೇಶ. ನರ್ಸನ್ನು ಕೇಳಿಕೊಂಡು ಮಗುವನ್ನು ಬೆಚ್ಚಗೆ ಸುತ್ತಿ ವರಾಂಡದ ಬಾಗಿಲವರೆಗೆ ತಂದೆ. ಮುಖ ಮಾತ್ರ ನನ್ನ ಸೆರಗಿನಲ್ಲಿ ಮುಚ್ಚಿದ್ದೆ. ಬೀಗರು ಬಟ್ಟಲು ಹಿಡಿಯುವ ಜಾಗ ತೋರಿಸಿದರು.

"ಒಂದು ಮಾತು ಬೀಗ್ರೇ," ಎಂದೆ. "ಈಗ ನೀವು ಮ್ಯಾಲೆ ನೋಡಿದ್ದು ಯಾರನ್ನ?"

"ಗುರು ಶನಿ ದೇವ್ರನ್ನ. ಮತ್ತ್ಯಾರನ್ನ?"

"ಎಣ್ಣೇಲಿ ನೋಡಿದ್ರೋ, ನೇರ ನೋಡಿದ್ರೋ?"

ಅವರು ಮತ್ತೊಮ್ಮೆ ಪಡುವಣದ ಕಡೆ ತಿರುಗಿ ನೋಡಿದರು.

"ದೋಷ ಕೊಡೋರನ್ನೇ ಕಣ್ ತುಂಬ ನೋಡಿ ಕೈ ಮುಗ್ದ್ರಿ, ಏನೂ ಆಗ್ಲಿಲ್ಲ. ಈ ಹಸುಗೂಸು ಏನ್ ಮಾಡೀತು?" ಎಂದೆ. ದನಿ ಏರಿತ್ತು, ಅಂಗಳದವರು ಈಗ ಆಕಾಶ ಬಿಟ್ಟು ನಮ್ಮನ್ನು ನೋಡುತ್ತಿದ್ದರು. ಮಗಳು ಹೇಳಿಕಳಿಸಿದ ಮಾತನ್ನೂ ಅಳಿಯನಿಗೆ ಒಂದಕ್ಷರ ಬಿಡದೆ ಹೇಳಿದೆ.

ಅಳಿಯ ಅಪ್ಪನಿಗೆ ಎದುರಾಡಿದವನಲ್ಲ. ಅಂಗಡಿಯಲ್ಲಿ ಯಾವ ಬೇಳೆ ಎಲ್ಲಿಡಬೇಕೆಂಬುದಕ್ಕೂ ಅಪ್ಪನ ಮುಖ ನೋಡುವವನು. ಆಗಲೂ ನೋಡಿದ. ಈಗ ಆ ಬಟ್ಟಲ ಮೇಲೆ ಬಗ್ಗಿದನೋ, ನನ್ನ ಮೊಮ್ಮಗಳ ಹಣೆಗೆ ಹೆಸರು ಬಿತ್ತು ಎಂದುಕೊಂಡೆ.

"ಅಪ್ಪಾಜಿ, ಸ್ವಲ್ಪ ಹಿಡ್ಕೊಳ್ರೀ" ಎಂದ ಅಳಿಯ. ಬಟ್ಟಲನ್ನು ಅಪ್ಪನ ಎರಡೂ ಕೈಗೆ ಕೊಟ್ಟ. ತನ್ನ ಕೈಯನ್ನು ಅಂಗಿಗೆ ಒರೆಸಿಕೊಂಡ. ನನ್ನ ಸೆರಗು ಸರಿಸಿ ಮಗುವನ್ನು ಎತ್ತಿಕೊಂಡು, ಟ್ಯೂಬ್‌ಲೈಟಿನ ಕೆಳಗೆ ಹೋಗಿ, ನೇರವಾಗಿ ಮುಖ ನೋಡಿದ. ಅದೂ ಕಣ್ಣು ಬಿಟ್ಟಿತು. ತುಂಬಿದ ಬಟ್ಟಲು ಹಿಡಿದ ಬೀಗರು ಅಲುಗಾಡುವಂತಿರಲಿಲ್ಲ. ಕತ್ತು ಮಾತ್ರ ಚಾಚಿ ಕೂಸಿನ ಮುಖ ನೋಡಿದರು. ಆಮೇಲೆ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಮೂಗು ನಮ್ಮವ್ವಂದು ನೋಡ್ರೀ" ಎಂದು ಕಣ್ಣೊರೆಸಿಕೊಂಡರು.

ನಾನು ಮಗುವನ್ನು ಒಳಗೆ ತಂದು ಮಗಳ ಪಕ್ಕ ಮಲಗಿಸಿದೆ. ಅಷ್ಟೂ ಮಾತು ಅವಳಿಗೆ ಕೇಳಿಸಿತ್ತು. ಬಾಗಿಲಾಚೆ ಆದದ್ದು ಮಾತ್ರ ಕಂಡಿರಲಿಲ್ಲ.

"ಎತ್ಕೊಂಡಾಗ ಅವ್ರ ಕೈ ನಡುಗ್ತಾ ಅಮ್ಮ?"

"ನಡುಗ್ತು. ಚೆನ್ನಾಗೇ ನಡುಗ್ತು. ಆದ್ರೂ ಎತ್ಕಂಡ."

"ಹಂಗಾದ್ರೆ ಸರಿ" ಎಂದು ಅವಳು ಮಗುವನ್ನು ಎದೆಗೆಳೆದುಕೊಂಡಳು. ಬೆಳಗ್ಗೆಯಿಂದ ಅಳದವಳು ಆಗ ಅತ್ತಳು.